ಇಪ್ಪತ್ತಮೂರನೆಯ ವಾರ

ಜನವರಿ 5, 2004

ಮಾವ,

ಈ ಕೈಬರಹ ನಿಮಗೆ ಪರಿಚಯವಿಲ್ಲ. ನಾನು ನಿಮ್ಮ ತಂಗಿಯ ಮಗಳು. ನೀವು ನನ್ನನ್ನು ಕೊನೆಯ ಸಲ ನೋಡಿದಾಗ ನನಗೆ ನಾಲ್ಕು ವರ್ಷ, ಈಗ ಮೂವತ್ತೊಂದು. ಒಂದೇ ಶ್ರುತಿಯಲ್ಲಿ ಗಂಟೆಗಟ್ಟಲೆ ಅಳುತ್ತಿದ್ದೆನಂತೆ, ಅದಕ್ಕೆ ನೀವು ‘ಪಿಟೀಲು’ ಎಂದು ಕರೆಯುತ್ತಿದ್ದಿರಂತೆ. ಅಮ್ಮ ನಿಮ್ಮ ವಿಷಯದಲ್ಲಿ ಈವರೆಗೆ ಹೇಳಿರುವುದು ಇದೊಂದೇ ಮಾತು.

ನಾವಿರುವ ಕಟ್ಟಡವನ್ನು ಕೆಡವುತ್ತಾರೆ. ಮೇ 31ರೊಳಗೆ ಮನೆ ಖಾಲಿ ಮಾಡಬೇಕು. ಅಮ್ಮನ ಮಂಚದ ಕಾಲಬುಡದಲ್ಲಿ ಹಳೆಯ ಹೊದಿಕೆ ಮುಚ್ಚಿದ ಒಂದು ಪೆಟ್ಟಿಗೆ ಯಾವಾಗಲೂ ಇರುತ್ತಿತ್ತು. ಕಂಬಳಿ ಇಟ್ಟಿದ್ದಾಳೆ ಎಂದುಕೊಂಡಿದ್ದೆ. ಮೊನ್ನೆ ಹೊದಿಕೆ ಎತ್ತಿದರೆ ಗಿಟಾರಿನ ಆಂಪ್ಲಿಫೈಯರ್. ಅಮ್ಮ ಬಾಗಿಲಲ್ಲಿ ನಿಂತು “ನಿಮ್ಮಪ್ಪಂದು” ಅಂದಳು, ಅಷ್ಟೇ.

ಗಿಟಾರ್ ಅಂಗಡಿಯವನನ್ನು ಕೇಳಿದೆ. “ಹಳೇದು ಯಾವ ವರ್ಷದ್ದು ಅಂತ ಹೇಳೋರು ಒಬ್ರೇ ಇರೋದು, ನಂಬರ್ ಮಾಸ್ತರು. ಅವ್ರ ಹತ್ರ ಫೋನಿಲ್ಲ, ಕಾಗದಾನೇ ಬರೀಬೇಕು” ಅಂದು ಚೀಟಿ ಕೊಟ್ಟ. ಚೀಟಿಯಲ್ಲಿದ್ದ ಹೆಸರು ಓದಿ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅಂಗಡಿಯವನು ನೀರು ತಂದುಕೊಟ್ಟ.

ಅಪ್ಪ ವೇದಿಕೆಯ ಮೇಲೆ ಹಾಡುತ್ತಿರುವಾಗ ಕರೆಂಟು ಹೊಡೆದು ಸತ್ತದ್ದು ಈ ಆಂಪಿನಿಂದ ಎಂದು ಗೊತ್ತು. ಅದನ್ನು ರಿಪೇರಿ ಮಾಡಿದ್ದವರು ನೀವು ಎನ್ನುವುದನ್ನು ಅಪ್ಪನ ಅಕ್ಕ ನನಗೆ ಹತ್ತು ವರ್ಷವಾಗುವ ಮೊದಲೇ ಹೇಳಿ ಮುಗಿಸಿದ್ದರು. ಇದು ಯಾವ ವರ್ಷದ್ದು, ಹೇಗೆ ನೋಡುವುದು, ತಿಳಿಸಿ. ಇನ್ನೊಂದು ಪ್ರಶ್ನೆಯಿದೆ. ನೀವು ಉತ್ತರ ಬರೆದರೆ ಕೇಳುತ್ತೇನೆ.

ನಿಮ್ಮ ತಂಗಿಯ ಮಗಳು


ಜನವರಿ 19, 2004

ಪಿಟೀಲು,

ಎಲ್ಲರಿಗೂ ಹದಿನೈದು ದಿನಕ್ಕೆ ಉತ್ತರ ಬರೆಯುವವನು ನಾನು. ನಿನಗೂ ಅಷ್ಟೇ ದಿನ ಹಿಡಿಯಿತು, ಆದರೆ ಕಾರಣ ಬೇರೆ. ನಿನ್ನ ಕಾಗದವನ್ನು ಮೇಜಿನ ಮೇಲಿಟ್ಟುಕೊಂಡು, ಅದರ ಸುತ್ತ ಬೇರೆ ಕೆಲಸ ಮಾಡುತ್ತ ಕಳೆದೆ. ಅಷ್ಟನ್ನು ಹೇಳಿ ಮೊದಲು ನಿನ್ನ ಕೆಲಸಕ್ಕೆ ಬರುತ್ತೇನೆ, ನನಗೆ ಬರುವುದು ಅದೊಂದೇ.

ಸೀರಿಯಲ್ ನಂಬರನ್ನು ನಂಬಬೇಡ. ನಂಬರ್ ಮಾಸ್ತರನೇ ಹೇಳುತ್ತಿದ್ದೇನೆ. ಗಿಟಾರಿನ ಕತ್ತು ಮೈಗೆ ಸೇರುವಲ್ಲಿ ನಂಬರಿನ ತಗಡು ಇರುತ್ತದೆ. ಕಾರ್ಖಾನೆಯಲ್ಲಿ ಅವು ಡಬ್ಬಿಯಲ್ಲಿ ಬಿದ್ದಿರುತ್ತಿದ್ದವು, ಕೈಗೆ ಸಿಕ್ಕಿದ್ದನ್ನು ಕೂರಿಸುತ್ತಿದ್ದರು. ಹಿಂದಿನ ವರ್ಷದ ತಗಡು ಈ ವರ್ಷದ ಗಿಟಾರಿಗೆ ಬೀಳುತ್ತಿತ್ತು. ನಂಬರು ನೋಡಿ ಅಂದಾಜು ಮಾಡಬಹುದು, ಆಣೆ ಮಾಡಲಾಗದು.

ನಿಜ ಹೇಳುವುದು ಒಳಗಿನ ಭಾಗಗಳು. ಟ್ರಾನ್ಸ್‌ಫಾರ್ಮರ್, ಸ್ಪೀಕರ್, ಕೆಪಾಸಿಟರ್, ಎಲ್ಲದರ ಮೇಲೂ ನಾಲ್ಕು ಅಂಕೆ ಒತ್ತಿರುತ್ತಾರೆ. ಮೊದಲೆರಡು ವರ್ಷ, ಕೊನೆಯೆರಡು ಆ ವರ್ಷದ ಎಷ್ಟನೆಯ ವಾರ ಎಂಬುದು. ಎಲ್ಲಕ್ಕಿಂತ ಕಿರಿಯ ಭಾಗ ಯಾವುದೋ ಅದು ಹುಟ್ಟುವ ಮೊದಲು ಜೋಡಣೆ ಮುಗಿದಿರಲಾರದು. ಇಷ್ಟೇ ವಿದ್ಯೆ. ಇದರ ಮೇಲೆ ಇಪ್ಪತ್ತು ವರ್ಷ ಊಟ ಮಾಡಿದ್ದೇನೆ. ಹೋದ ತಿಂಗಳು ಒಬ್ಬ ದೊಡ್ಡ ಮನುಷ್ಯ ತಾತನ ಗಿಟಾರು ತಂದಿದ್ದ, 1958ರಲ್ಲಿ ತಾತ ತನ್ನ ಮದುವೆಯಲ್ಲಿ ತಾನೇ ನುಡಿಸಿದ್ದಂತೆ. ಒಳಗೆ 6412 ಎಂದಿತ್ತು. ಅಂದಿನಿಂದ ಆತ ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಾನೆ.

ಹಿಂದಿನ ಹಲಗೆ ಬಿಚ್ಚಿದರೆ ಟ್ರಾನ್ಸ್‌ಫಾರ್ಮರೂ ಸ್ಪೀಕರೂ ಕಾಣುತ್ತವೆ. ಕೈ ಹಾಕಬೇಡ. ಯಾವ ಕಾರಣಕ್ಕೂ ಪ್ಲಗ್ ಹಾಕಬೇಡ.

ಇನ್ನೊಂದು ಪ್ರಶ್ನೆ ಏನೆಂದು ಗೊತ್ತು. ಕೇಳು.

ಮಾವ


ಫೆಬ್ರವರಿ 2, 2004

ಮಾವ,

ಸೀರಿಯಲ್ ನಂಬರ್ 04183. ಟ್ರಾನ್ಸ್‌ಫಾರ್ಮರ್ 6938, ಸ್ಪೀಕರ್ 6941. ಅಂದರೆ 1969ರ ಅಕ್ಟೋಬರಿಗಿಂತ ಮೊದಲು ಇದು ತಯಾರಾಗಿರಲಾರದು. ಸರಿಯೇ? ಕ್ಯಾಲೆಂಡರ್ ಹಿಡಿದು ವಾರ ಎಣಿಸುವಾಗ, ಇದರ ಮೇಲೆ ಊಟ ಮಾಡಬಹುದು ಎಂದು ನನಗೂ ಅನ್ನಿಸಿತು.

ಹಲಗೆ ಬಿಚ್ಚಿದ್ದು ಅಮ್ಮನ ಸ್ಕ್ರೂ ಡ್ರೈವರಿನಿಂದ. ಅದರ ಹಿಡಿಯ ಮೇಲೂ ಹಸಿರು ಚುಕ್ಕೆ. ನಿಮಗೆ ನೆನಪಿರಬೇಕು, ರೇಡಿಯೊ ಕಾರ್ಖಾನೆಯಲ್ಲಿ ಬೆಸುಗೆ ಹಾಕುವ ಒಬ್ಬೊಬ್ಬರಿಗೆ ಒಂದೊಂದು ಬಣ್ಣವಂತೆ, ಹಾಕಿದ ಬೆಸುಗೆಯ ಮೇಲೆ ಚುಕ್ಕೆ ಇಡಬೇಕಂತೆ. ಅಮ್ಮನದು ಹಸಿರು. ಕೆಲಸ ಬಿಟ್ಟು ಎಂಟು ವರ್ಷವಾದರೂ ಚಟ ಬಿಟ್ಟಿಲ್ಲ. ಇಸ್ತ್ರಿ ಪೆಟ್ಟಿಗೆ, ಮೇಜಿನ ದೀಪ, ಕರೆಗಂಟೆ, ಏನು ರಿಪೇರಿ ಮಾಡಿದರೂ ಕೊನೆಗೊಂದು ಚುಕ್ಕೆ. “ಇದೆಲ್ಲ ಯಾಕಮ್ಮ?” ಅಂದರೆ “ನಾಳೆ ಏನಾದ್ರೂ ಕೆಟ್ರೆ ಯಾರ ಕೈ ಅಂತ ಗೊತ್ತಾಗ್ಬೇಕಲ್ಲ” ಅನ್ನುತ್ತಾಳೆ.

ಪ್ರಶ್ನೆ ಇದು. ಅಪ್ಪ ಸತ್ತದ್ದು ನಿಮ್ಮ ತಪ್ಪಿನಿಂದಲೇ? ಎಲ್ಲರೂ ಹೇಳಿದ್ದನ್ನು ಕೇಳಿ ಬೆಳೆದಿದ್ದೇನೆ. ನಿಮ್ಮ ಬಾಯಿಂದ ಕೇಳಿಲ್ಲ.

ಪಿಟೀಲು


ಫೆಬ್ರವರಿ 16, 2004

ಪಿಟೀಲು,

ಹೌದು.

ಇಷ್ಟೇ ಬರೆದು ಅಂಚೆಗೆ ಹಾಕಲು ಹೋಗಿದ್ದೆ. ಡಬ್ಬಿಯ ಹತ್ತಿರದಿಂದ ವಾಪಸು ಬಂದೆ. ನೀನು ವಾರ ಎಣಿಸಿದವಳು, ನಿನಗೆ ಪೂರ್ತಿ ಹೇಳಬೇಕು.

ಹಳೆಯ ಆಂಪುಗಳಲ್ಲಿ ಕರೆಂಟಿನ ವೈರು ಒಳಗೆ ಬರುವ ಜಾಗದಲ್ಲಿ, ಆ ವೈರಿಗೂ ಲೋಹದ ತಟ್ಟೆಗೂ ನಡುವೆ ಬೆರಳಿನ ಗೆಣ್ಣಿನಷ್ಟು ಒಂದು ಕೆಪಾಸಿಟರ್ ಹಾಕುತ್ತಿದ್ದರು. ಗುಂಯ್ ಎನ್ನುವ ಸದ್ದು ಕಡಿಮೆಯಾಗಲಿ ಎಂದು. ಅದು ಒಳಗೇ ಸುಟ್ಟು ಕೂಡಿಕೊಂಡರೆ ತಟ್ಟೆಗೆ ಕರೆಂಟು, ತಟ್ಟೆಯಿಂದ ಗಿಟಾರಿನ ತಂತಿಗೆ ಕರೆಂಟು. ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ. ಮುಂದಿನದು ನಿನಗೆ ಗೊತ್ತು.

ಅದನ್ನು ಕಂಡರೆ ನನಗೆ ಆಗಲೂ ಆಗುತ್ತಿರಲಿಲ್ಲ. ಕೈಗೆ ಬಂದ ಪ್ರತಿ ಆಂಪಿನಿಂದ ಕತ್ತರಿಸಿ ಬಿಸಾಡುತ್ತಿದ್ದೆ, ಮೂರು ಪಿನ್ನಿನ ಪ್ಲಗ್ ಹಾಕುತ್ತಿದ್ದೆ. 1977ರ ಮಾರ್ಚ್ 17ರಂದು ಒಂದೇ ಮಾದರಿಯ ಎರಡು ಆಂಪು ಬಂದವು. ಭಾವನದು 04183, ಇನ್ನೊಬ್ಬರದು 04188. ಎರಡರ ಮುಂದೆಯೂ ‘ಕೆಪಾಸಿಟರ್ ತೆಗೆದಿದೆ’ ಎಂದು ಪುಸ್ತಕದಲ್ಲಿ ಬರೆದೆ. ಜುಲೈ 16ರಂದು ಭಾವ ಹೋದರು. ತನಿಖೆಗೆ ಬಂದ ಇನ್‌ಸ್ಪೆಕ್ಟರ್ ಪೆಟ್ಟಿಗೆ ಬಿಚ್ಚಿ, ಕೆಪಾಸಿಟರ್ ಅಲ್ಲೇ ಇದೆ, ಸುಟ್ಟಿದೆ ಎಂದು ವರದಿ ಕೊಟ್ಟರು. ಕಾರ್ಯಕ್ರಮದ ಸಭಾಂಗಣದಲ್ಲಿ ಎರಡು ತೂತಿನ ಸಾಕೆಟ್ಟು, ಕರೆಂಟನ್ನು ನೆಲಕ್ಕಿಳಿಸುವ ನನ್ನ ಮೂರನೆಯ ಪಿನ್ನೂ ಕೆಲಸಕ್ಕೆ ಬರಲಿಲ್ಲ.

ಎರಡೂ ಅಕ್ಕಪಕ್ಕ ಇದ್ದವು, ನಡುವೆ ಟೀಗೆ ಎದ್ದು ಹೋಗಿದ್ದೆ. ಬಂದು ಒಂದನ್ನೇ ಎರಡು ಸಲ ನೋಡಿ ಎರಡು ಸಲ ಬರೆದಿದ್ದೇನೆ. ಬೇರೆ ದಾರಿಯೇ ಇಲ್ಲ. ಅಂದಿನಿಂದ ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್ ಮುಟ್ಟಿಲ್ಲ. ನಂಬರು ಓದುತ್ತೇನೆ, ಒಂದೊಂದನ್ನೂ ಮೂರು ಸಲ.

ನನ್ನ ತಪ್ಪನ್ನು ನಾನು ಕಣ್ಣಾರೆ ಕಂಡಿಲ್ಲ. ಒಮ್ಮೆ ನೋಡಬೇಕು. ತಟ್ಟೆಯನ್ನು ಹಿಡಿದಿರುವುದು ಮೇಲಿನ ನಾಲ್ಕು ಬೋಲ್ಟು. ಬಿಚ್ಚಿ ಹಿಂದಕ್ಕೆ ಎಳೆದು, ವೈರು ಒಳಗೆ ಬರುವ ಮೂಲೆಯ ಫೋಟೊ ಹತ್ತಿರದಿಂದ ತೆಗೆದು ಕಳಿಸುತ್ತೀಯಾ?

ಮಾವ


ಮಾರ್ಚ್ 1, 2004

ಮಾವ,

ಅಮ್ಮ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಾಗ ಬಿಚ್ಚಿದೆ. ಐದು ಫೋಟೊ ತೆಗೆದೆ. ಒಳಗೆ ಏನಿದೆ ಎಂದು ನೋಡುವಷ್ಟು ವ್ಯವಧಾನ ಇರಲಿಲ್ಲ, ಅಮ್ಮ ಬರುವುದರೊಳಗೆ ಬೋಲ್ಟು ಬಿಗಿದು ಹೊದಿಕೆ ಮುಚ್ಚಬೇಕಿತ್ತು. ಪೆಟ್ಟಿಗೆಯ ಒಳಗೋಡೆಗೆ ಒಂದು ನಕ್ಷೆ ಅಂಟಿಸಿದ್ದಾರೆ, ಅದರದ್ದೂ ಒಂದು ಫೋಟೊ ಇದೆ. ಎರಡೆರಡು ಪ್ರತಿ ಹಾಕಿಸಿದೆ, ಒಂದು ನಿಮಗೆ, ಒಂದು ನನಗೆ.

‘ಹೌದು’ ಎಂದು ಬರೆದಿರಿ. ಇಷ್ಟು ವರ್ಷ ನಿಮ್ಮ ಮೇಲೆ ಸಿಟ್ಟಿತ್ತು. ಆ ಒಂದು ಪದ ಓದಿದ ಮೇಲೆ ಅದು ಎಲ್ಲಿ ಹೋಯಿತೋ ಗೊತ್ತಿಲ್ಲ. ಹುಡುಕಿದರೂ ಸಿಗುತ್ತಿಲ್ಲ.

ಪಿಟೀಲು


ಮಾರ್ಚ್ 20, 2004

ಪಿಟೀಲು,

ಫೋಟೊ ಬಂತು. ನಾನು ಹೇಳಿದ್ದ ಹಾಗೆಯೇ ಇದೆ. ತಪ್ಪು ನನ್ನದೇ.

ಆಂಪಿನ ವರ್ಷ ನೀನು ಎಣಿಸಿದ್ದೇ ಸರಿ. ಇನ್ನು ಅದನ್ನು ಬಿಚ್ಚಬೇಡ. ಮನೆ ಬದಲಾಯಿಸುವಾಗ ಗುಜರಿಗೆ ಹಾಕಿಬಿಡು. ಫೋಟೊಗಳನ್ನೂ ಹರಿದುಹಾಕು, ಇಟ್ಟುಕೊಳ್ಳುವಂಥದ್ದೇನಲ್ಲ. ಅಮ್ಮನನ್ನು ಏನೂ ಕೇಳಬೇಡ, ವಯಸ್ಸಾಗಿದೆ. ನನಗೂ ಕೆಲಸ ಜಾಸ್ತಿ, ಇನ್ನು ಬರೆಯುವುದು ಕಷ್ಟ.

ಮಾವ


ಮಾರ್ಚ್ 29, 2004

ಮಾವ,

ನನಗೆ ನಂಬರು ಓದಲು ಕಲಿಸಿದವರು ನೀವು. ಕಲಿಸಿ, ಈಗ ಓದಬೇಡ ಎಂದರೆ ಹೇಗೆ?

ನಿಮ್ಮ ಕಾಗದದಲ್ಲಿ ಒಂದು ನಂಬರೂ ಇರಲಿಲ್ಲ. ನಿಮ್ಮಂಥವರು ನಂಬರಿಲ್ಲದೆ ಕಾಗದ ಬರೆದರೆ ಯಾರಿಗಾದರೂ ಅನುಮಾನ ಬರುತ್ತದೆ. ಭೂತಗನ್ನಡಿ ತಂದು ಐದನೆಯ ಫೋಟೊದ ಮೇಲಿಟ್ಟೆ. ಹಳದಿ ಕೆಪಾಸಿಟರ್, ಒಂದು ಬದಿ ಕಪ್ಪಗೆ ಸುಟ್ಟಿದೆ. ಸುಡದ ಬದಿಯಲ್ಲಿ 7723.

1977, ಇಪ್ಪತ್ತಮೂರನೆಯ ವಾರ. ಕ್ಯಾಲೆಂಡರಿನಲ್ಲಿ ಎಣಿಸಿದೆ, ಜೂನ್ 6ರಿಂದ 12. ನೀವು ರಿಪೇರಿ ಮಾಡಿದ್ದು ಮಾರ್ಚಿನಲ್ಲಿ. ಆ ಕೆಪಾಸಿಟರ್ ಆಗ ಹುಟ್ಟಿಯೇ ಇರಲಿಲ್ಲ. ನೀವು ತೆಗೆದಿದ್ದಿರಿ, ಮಾವ. ಪುಸ್ತಕದಲ್ಲಿ ಬರೆದದ್ದು ಸರಿಯಾಗಿತ್ತು. ಇಪ್ಪತ್ತೇಳು ವರ್ಷ ನೀವು ಮಾಡದ ತಪ್ಪನ್ನು ಹೊತ್ತುಕೊಂಡು ಕೂತಿದ್ದೀರಿ. ಎದ್ದು ಕುಣಿಯಬೇಕು ಎನ್ನಿಸಿತು, ನಿಜವಾಗಿಯೂ ಕುರ್ಚಿಯಿಂದ ಎದ್ದೆ.

ಆಮೇಲೆ ಗಾಜನ್ನು ಒಂದಿಷ್ಟು ಬಲಕ್ಕೆ ಸರಿಸಿದೆ. ಬೆಸುಗೆಯ ಮೇಲೆ ಹಸಿರು ಚುಕ್ಕೆ.

ಕಿಲುಬಿರಬೇಕು, ಫೋಟೊದ ದೋಷವಿರಬೇಕು ಎಂದುಕೊಂಡೆ. ಇನ್ನೊಂದು ಬೆಸುಗೆಯ ಮೇಲೂ ಇತ್ತು, ಅದೇ ಅಳತೆ, ಅದೇ ದುಂಡು. ತಲೆಯೆತ್ತಿದರೆ ಮೇಜಿನ ದೀಪದ ಬುಡದಲ್ಲಿ ಅದೇ ಚುಕ್ಕೆ ನನ್ನನ್ನು ನೋಡುತ್ತಿತ್ತು. ಆ ದೀಪದ ಬೆಳಕಿನಲ್ಲೇ ನಾನು ಓದು ಕಲಿತದ್ದು. ದೀಪ ಆರಿಸಲೂ ಕೈ ಬರಲಿಲ್ಲ, ಹಾಗೇ ಉರಿಯಲು ಬಿಟ್ಟು ಹೊರಗೆ ಬಂದೆ.

ನೀವು ಆ ಚುಕ್ಕೆ ನೋಡಿಯೇ ಸುಳ್ಳು ಬರೆದದ್ದು. ಅವಳನ್ನು ಉಳಿಸಲು ಇನ್ನೂ ಹೊರಲು ಸಿದ್ಧರಾದಿರಿ. ನನಗೆ ಅದು ಬೇಡ. ಈ ಮನೆಯಲ್ಲಿ ನಿಮ್ಮ ಹೆಸರು ಹೇಳಿದರೆ ಬಾಯಿ ತೊಳೆದುಕೋ ಎನ್ನುತ್ತಿದ್ದರು. ಅಪ್ಪನ ಅಕ್ಕ ನಿಮ್ಮನ್ನು ಕೊಲೆಗಾರ ಎಂದಾಗಲೆಲ್ಲ ಅಮ್ಮ ಅಲ್ಲೇ ಕೂತು ಬಟ್ಟೆ ಮಡಚುತ್ತಿದ್ದಳು. ನಾನು ಅವಳ ಮೌನವನ್ನು ದುಃಖ ಎಂದುಕೊಂಡಿದ್ದೆ.

ಏನು ಮಾಡಲಿ, ಹೇಳಿ. ಪಕ್ಕದ ಕೋಣೆಯಲ್ಲಿ ಅವಳು ಪಾತ್ರೆಗಳಿಗೆ ಕಾಗದ ಸುತ್ತುತ್ತಿದ್ದಾಳೆ, ಸದ್ದು ಕೇಳಿಸುತ್ತಿದೆ.

ಪಿಟೀಲು


ಏಪ್ರಿಲ್ 18, 2004

ಮಾವ,

ನಿಮ್ಮಿಂದ ಉತ್ತರ ಬರಲಿಲ್ಲ. ಕಾಯಲು ಆಗಲಿಲ್ಲ.

ನಿನ್ನೆ ಬೆಳಿಗ್ಗೆ ಫೋಟೊವನ್ನೂ ಭೂತಗನ್ನಡಿಯನ್ನೂ ಅಮ್ಮನ ಕಾಫಿ ಲೋಟದ ಪಕ್ಕ ಇಟ್ಟೆ. ಜಗಳಕ್ಕೆ ಎಷ್ಟೋ ಮಾತು ಕೂಡಿಸಿಟ್ಟಿದ್ದೆ. ಅವಳು ಗಾಜು ಮುಟ್ಟಲಿಲ್ಲ. ಫೋಟೊವನ್ನು ಬರಿಗಣ್ಣಿನಲ್ಲೇ ನೋಡಿದಳು. “ಮಾವಂಗೆ ಕಳ್ಸಿದೀಯಾ?” ಅಂದಳು. ಹೂಂ ಅಂದೆ. “ಏನಂದ?” “ತಪ್ಪು ನಂದೇ ಅಂತ ಬರೆದ್ರು.”

ಅಲ್ಲಿಯವರೆಗೆ ನೆಟ್ಟಗೆ ಕೂತಿದ್ದವಳು ಹಾಗೇ ಮೇಜಿನ ಮೇಲೆ ತಲೆಯಿಟ್ಟಳು. ಅಮ್ಮ ಅತ್ತದ್ದನ್ನು ನಾನು ನೋಡಿರಲಿಲ್ಲ, ಅಪ್ಪನ ಫೋಟೊದ ಮುಂದೆಯೂ ಇಲ್ಲ. ಅವಳ ಅಳುವೂ ಒಂದೇ ಶ್ರುತಿ, ಮಾವ. ನನಗೆ ಅದು ಎಲ್ಲಿಂದ ಬಂತು ಎಂದು ಗೊತ್ತಾಯಿತು. ಕೂಡಿಸಿಟ್ಟ ಮಾತು ಬಿಟ್ಟು, ಕಾಫಿ ಲೋಟವನ್ನು ಅವಳ ಕೈಗೆ ತಗಲದಂತೆ ಪಕ್ಕಕ್ಕೆ ಸರಿಸಿದೆ.

ನಿಮ್ಮ ವಿಳಾಸ ಕೇಳಿದಳು. ಬರೆದು ಕೊಟ್ಟಿದ್ದೇನೆ.

ಪಿಟೀಲು


ಮೇ 2, 2004

ಅಣ್ಣ,

ನನಗೆ ಬರೆಯುವ ಅಭ್ಯಾಸವಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ನೀನು ಆ ಜುಲೈನಲ್ಲಿ ಹತ್ತು ದಿನ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದೆ. ಆಂಪು ಗುಂಯ್ ಅನ್ನುತ್ತಿತ್ತು. ಶನಿವಾರ ಕಾರ್ಯಕ್ರಮ, ಅವರು ಮುಖ ಊದಿಸಿಕೊಂಡು ಓಡಾಡುತ್ತಿದ್ದರು. ನಾನು ಊಟದ ಮೇಜಿನ ಮೇಲೆ ಬಿಚ್ಚಿದೆ. ಒಳಗೆ ನಕ್ಷೆ ಅಂಟಿಸಿತ್ತು. ನಕ್ಷೆಯಲ್ಲಿ ಒಂದು ಕೆಪಾಸಿಟರ್ ಇದೆ, ಪೆಟ್ಟಿಗೆಯಲ್ಲಿ ಇಲ್ಲ. ಎರಡು ತುದಿ ಕತ್ತರಿಸಿದ್ದು ಕಾಣುತ್ತಿತ್ತು. ಹಳೆಯದನ್ನು ತೆಗೆದು ಹೊಸದನ್ನು ಹಾಕಲು ಮರೆತಿದ್ದೀಯ ಎಂದುಕೊಂಡೆ. ಕಾರ್ಖಾನೆಯಲ್ಲಿ ನಮಗೆ ಕಲಿಸಿದ್ದು ಅದೊಂದೇ, ನಕ್ಷೆಯಲ್ಲಿ ಇರುವುದು ತಟ್ಟೆಯ ಮೇಲೆ ಇಲ್ಲದಿದ್ದರೆ ತಪ್ಪಾಗಿದೆ ಎಂದು ಅರ್ಥ. ಪಾಪ, ಅಣ್ಣನಿಗೆ ಕೆಲಸ ಜಾಸ್ತಿ ಅಂದುಕೊಂಡು ಕಾರ್ಖಾನೆಯಿಂದ ಒಂದು ತಂದು ಹಾಕಿದೆ. ಚುಕ್ಕೆ ಇಟ್ಟೆ.

ಗುಂಯ್ ನಿಂತುಹೋಯಿತು. ಅವರು “ನಿಮ್ಮಣ್ಣನಿಗಿಂತ ನೀನೇ ವಾಸಿ ಕಣೇ” ಅಂದರು. “ಅವನಿಗೆ ಹೇಳ್ಬೇಡಿ, ಬೇಜಾರ್ ಮಾಡ್ಕೋತಾನೆ” ಅಂದೆ. ನಿನ್ನ ಮಾನ ಉಳಿಸುತ್ತಿದ್ದೇನೆ ಎಂದುಕೊಂಡೆ, ಅಣ್ಣ.

ಶನಿವಾರ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೂರನೆಯ ಸಾಲಿನಲ್ಲಿದ್ದೆ. ಎರಡು ಹಾಡು ಆಯಿತು, ಸದ್ದು ತಿಳಿಯಾಗಿತ್ತು, ನನಗೆ ಹೆಮ್ಮೆ. ಮೂರನೆಯದಕ್ಕೆ ಮೈಕಿನ ಹತ್ತಿರ ಹೋದರು. ತುಟಿ ತಾಗಿದ್ದು ನೋಡಿದೆ. ಆಟವಾಡುತ್ತಿದ್ದಾರೆ ಅಂದುಕೊಂಡು ಜನ ನಕ್ಕರು. ನಾನೂ ನಕ್ಕೆ.

ಇನ್‌ಸ್ಪೆಕ್ಟರ್ ಕೆಪಾಸಿಟರ್ ಎಂದ ಕೂಡಲೇ ನನಗೆ ಎಲ್ಲ ತಿಳಿಯಿತು. ನೀನು ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತಿದ್ದೆ. ಹೇಳಬೇಕೆಂದು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನೀನು ಎಲ್ಲರೆದುರು “ತಪ್ಪು ನಂದೇ” ಅಂದುಬಿಟ್ಟೆ. ಅವರ ಅಕ್ಕ ನಿನ್ನ ಕೊರಳಪಟ್ಟಿ ಹಿಡಿದರು. ನಾನು ಎಂದು ಗೊತ್ತಾದರೆ ಮಗುವನ್ನು ಕಿತ್ತುಕೊಳ್ಳುತ್ತಾರೆ ಅನ್ನಿಸಿ ಬಾಯಿ ಮುಚ್ಚಿದೆ. ನಾಳೆ ಹೇಳೋಣ ಎಂದುಕೊಂಡೆ, ಅಷ್ಟರಲ್ಲಿ ನೀನು ಊರು ಬಿಟ್ಟಿದ್ದೆ. ಆಮೇಲೆ ಮುಂದಿನ ವಾರ, ಆಮೇಲೆ ಮುಂದಿನ ವರ್ಷ.

ಆ ಚುಕ್ಕೆ ಉಗುರಿನಲ್ಲಿ ಕೆರೆದರೆ ಹೋಗುತ್ತಿತ್ತು. ಪೆಟ್ಟಿಗೆ ನನ್ನ ಕಾಲಬುಡದಲ್ಲೇ ಇತ್ತು. ಕೆರೆಯಲಿಲ್ಲ. ಯಾರಾದರೂ ಬಿಚ್ಚಿ ನೋಡಲಿ ಎಂದು ಕಾದೆ, ಯಾರೂ ನೋಡದಿರಲಿ ಎಂದೂ ಕಾದೆ. ಮಗಳಿಗೆ ಕಂಡಿತು. ನಿನಗೆ ಕಂಡಿತು. ಕಂಡರೂ ನೀನು ಅವಳಿಗೆ ನಿನ್ನದೇ ತಪ್ಪು ಎಂದು ಬರೆದೆಯಂತೆ. ನನಗೆ ತಡೆಯಲಾಗದೇ ಹೋದದ್ದು ಅದೊಂದೇ.

ಮಗಳು ಅಗತ್ಯಕ್ಕೆ ಎಷ್ಟು ಬೇಕೋ ಅಷ್ಟು ಮಾತಾಡುತ್ತಾಳೆ. ಅದೂ ಸರಿಯೇ.

ನಿನ್ನ ತಂಗಿ


ಮೇ 20, 2004

ತಂಗಿ,

‘ಕ್ಷಮಿಸಿದ್ದೇನೆ’ ಎಂದು ಬರೆಯಲು ನಾಲ್ಕು ಸಲ ಕೂತೆ. ಆಗಲಿಲ್ಲ. ಸಿಟ್ಟು ಬಂದಿದೆ. ಈ ವಯಸ್ಸಿನಲ್ಲಿ ಇಷ್ಟು ಸಿಟ್ಟು ಬರುತ್ತದೆಂದು ಗೊತ್ತಿರಲಿಲ್ಲ. ಫೋಟೊ ಬಂದ ದಿನ 7723 ಎಂದು ಮೂರು ಸಲ ಓದಿದೆ, ನಾಲ್ಕನೆಯ ಸಲವೂ ಓದಿದೆ. ಮದುವೆಯಾಗಲಿಲ್ಲ, ಯಾರ ಮನೆಗೂ ಹೋಗಲಿಲ್ಲ, ಕನ್ನಡಿಯಲ್ಲಿ ಮುಖ ನೋಡಿ ಗಡ್ಡ ಕೆರೆಯಲಿಲ್ಲ. ಅಷ್ಟೆಲ್ಲ ಒಂದು ನಾಲ್ಕಂಕೆಯಲ್ಲಿ ಮುಗಿಯಿತು. ನಿನ್ನ ಚುಕ್ಕೆ ಕಂಡದ್ದು ಆಮೇಲೆ. ಅದನ್ನು ಕಂಡ ಮೇಲೆ ಮಗುವಿಗೆ ಸುಳ್ಳು ಬರೆದದ್ದು ತ್ಯಾಗವಲ್ಲ, ಹೆದರಿಕೆ. ಇರುವ ಒಬ್ಬಳೇ ತಾಯಿಯನ್ನೂ ಅವಳು ಕಳೆದುಕೊಳ್ಳುತ್ತಾಳೆ ಎಂಬ ಹೆದರಿಕೆ.

ಆದರೆ ಇದನ್ನೂ ಹೇಳದಿದ್ದರೆ ಲೆಕ್ಕ ತಪ್ಪುತ್ತದೆ. ಊರಿನವರ ಗಿಟಾರು, ಆಂಪು ಎಲ್ಲದಕ್ಕೂ ಯಾವ ವರ್ಷ, ಯಾವ ವಾರ ಎಂದು ಕೇಳುವ ನಾನು, ಈ ಒಂದು ಕೆಪಾಸಿಟರಿಗೆ ಕೇಳಲಿಲ್ಲ. ಅಲ್ಲೇ ಇದೆ ಎಂದರು, ನನ್ನದೇ ಎಂದೆ. ಒಂದು ಸಲ ನೋಡಿದ್ದರೆ ಅಂದೇ ಮುಗಿಯುತ್ತಿತ್ತು.

ಇನ್ನೊಂದು. ಮಗು ಕಳಿಸಿದ ನಕ್ಷೆಯ ಫೋಟೊ ನೋಡುತ್ತಾ ಕೂತೆ. ಕೆಪಾಸಿಟರ್ ತೆಗೆದೆ, ಪುಸ್ತಕದಲ್ಲಿ ಬರೆದೆ. ಪೆಟ್ಟಿಗೆಯೊಳಗಿನ ನಕ್ಷೆಯ ಮೇಲೆ ಒಂದು ಅಡ್ಡಗೀಟು ಎಳೆಯಲಿಲ್ಲ. ಪೆನ್ಸಿಲ್ ಕಿವಿಯ ಮೇಲೇ ಇತ್ತು. ಗೀಟು ಇದ್ದಿದ್ದರೆ ನೀನು ಹಾಕುತ್ತಿರಲಿಲ್ಲ. ಭಾವ ಬದುಕಿದ್ದು, ಈ ವಯಸ್ಸಿಗೆ ಬೋಳಾದ ತಲೆ ಸವರಿಕೊಂಡು ನನ್ನನ್ನು ರೇಗಿಸುತ್ತಿದ್ದರು.

ಮನೆ ಖಾಲಿ ಮಾಡುವ ಕೊನೆಯ ದಿನ 31 ಎಂದು ಮಗು ಬರೆದಿದ್ದಾಳೆ. ಪೆಟ್ಟಿಗೆಯನ್ನು ಗುಜರಿಗೆ ಹಾಕಬೇಡಿ. 29ರ ಬೆಳಿಗ್ಗೆ ಬರುತ್ತೇನೆ. ಊಟದ ಮೇಜನ್ನು ಕಟ್ಟಿಡಬೇಡಿ, ಅದರ ಮೇಲೆ ಬಿಚ್ಚೋಣ. ಕೆಪಾಸಿಟರನ್ನು ನೀನೇ ಕತ್ತರಿಸಬೇಕು, ನಾನು ಮುಟ್ಟುವುದಿಲ್ಲ. ನಿನ್ನ ಕಣ್ಣು ಸರಿಯಿಲ್ಲವಂತೆ, ದೀಪ ನಾನು ಹಿಡಿಯುತ್ತೇನೆ. ನಕ್ಷೆಯ ಮೇಲಿನ ಗೀಟು ನಾನು ಎಳೆಯುತ್ತೇನೆ, ಪೆನ್ಸಿಲ್ ತರುತ್ತೇನೆ. ಮಗು ಪಕ್ಕದಲ್ಲಿ ನಿಂತು ನೋಡಲಿ.

ನಿನ್ನ ಹಸಿರು ಬಣ್ಣದ ಶೀಶೆ ಒಣಗಿದೆಯೋ ಏನೋ ನೋಡಿಡು. ಕೆಲಸ ಮುಗಿದ ಮೇಲೆ ಚುಕ್ಕೆ ಇಡಬೇಕಾಗುತ್ತದೆ.

ಅಣ್ಣ